ಕೋವಿಯ ಕಣ್ಣು

ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ಹೊಳೆಯ ದಡದಲ್ಲಿರುವ ಸುಲ್ತಾನ್ ಬತ್ತೇರಿಯನ್ನು ನೋಡದ ಊರವರು ವಿರಳ. 1784ರಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ ಈ ಕಾವಲು ಬುರುಜನ್ನೇರಿ, ಗೋಡೆಯ ಕಿಂಡಿಯಲ್ಲಿ ಕಣ್ಣಿಟ್ಟು ಹೊಳೆಯನ್ನು ನೋಡುವುದು ಮಕ್ಕಳಿಗೆ ಪ್ರಿಯವಾದ ಆಟ. ದೊಡ್ಡವರೂ ಒಮ್ಮೆ ನೋಡಿದರೆ ಒಂದು ಪ್ರಶ್ನೆ ಹುಟ್ಟಬೇಕು: ಆ ಕಾಲದಲ್ಲಿ ಇಂಥ ಕಿಂಡಿಯ ಹಿಂದೆ ಕೋವಿ ಹಿಡಿದು ನಿಂತವನು ಗುರಿಯನ್ನು ಹೇಗೆ ನೋಡುತ್ತಿದ್ದನು?

ಬಹುಮಟ್ಟಿಗೆ ನೋಡುತ್ತಲೇ ಇರಲಿಲ್ಲ. ಚಕಮಕಿ ಕೋವಿಯ ನಳಿಗೆ ಒಳಗೆಲ್ಲ ನುಣುಪು. ಕಂಪೆನಿ ಸಿಪಾಯಿಯ ಬಂದೂಕನ್ನೇ ತೆಗೆದುಕೊಳ್ಳಿ. ಅದರ ಬಾಯಿ ಮುಕ್ಕಾಲು ಅಂಗುಲ. ಗುಂಡು ಅದಕ್ಕಿಂತ ಸಣ್ಣದು. ಮದ್ದಿನ ಮಸಿ ಕಟ್ಟಿದ ಮೇಲೂ ಗುಂಡು ಬೇಗ ಇಳಿಯಲೆಂದು ಹೀಗೆ ಸಡಿಲ ಬಿಟ್ಟಿದ್ದರು. ಹಾರುವ ಗುಂಡು ನಳಿಗೆಯ ಒಳಮೈಗೆ ಅತ್ತಿತ್ತ ಬಡಿದು, ಕೊನೆಯ ಬಡಿತ ಎತ್ತ ತಳ್ಳಿತೋ ಅತ್ತ ಹೊರಡುವುದು. ನೂರು ಗಜದಾಚೆ ಅದರ ದಾರಿ ದೈವಾಧೀನ. ಇಂಥ ಕೋವಿಗೆ ಹಿಂಬದಿಯ ಗುರಿಕಚ್ಚು ಇರಲೇ ಇಲ್ಲ. ತುದಿಯಲ್ಲಿದ್ದ ಗುಬುಟು ಬಯೊನೆಟ್ಟು ಸಿಕ್ಕಿಸುವುದಕ್ಕಾಗಿ. ಬ್ರಿಟಿಷ್ ಕವಾಯತಿನಲ್ಲಿಯೂ ಕೋವಿ ಚಾಚು, ಹಾರಿಸು ಎಂಬ ಆಜ್ಞೆಗಳಿದ್ದವೇ ಹೊರತು ಗುರಿಯಿಡು ಎಂಬುದಿರಲಿಲ್ಲ. ನೂರು ಮಂದಿ ಸಾಲಾಗಿ ನಿಂತು ಒಟ್ಟಿಗೆ ಹಾರಿಸಿದಾಗ ಯಾರ ಗುಂಡು ಯಾರಿಗೆ ತಗುಲಿತೆಂಬ ಲೆಕ್ಕ ಯಾರಿಗೂ ಬೇಕಿರಲಿಲ್ಲ.

ನಳಿಗೆಯೊಳಗೆ ತಿರುಚು ಗೆರೆ ಕೊರೆದ ರೈಫಲು ಈ ಮಾತನ್ನು ಬದಲಿಸಿತು. ಗುಂಡು ಬುಗುರಿಯಂತೆ ತಿರುಗುತ್ತ ನೇರವಾಗಿ ಹೋಗತೊಡಗಿತು. 1853ರ ಮಾದರಿಯ ಎನ್‌ಫೀಲ್ಡ್ ಎಂದರೆ 1857ರ ತೋಟೆಯ ಕೊಬ್ಬಿನ ಕಥೆ ನಮಗೆ ನೆನಪಾಗುತ್ತದೆ. ಅದರ ನಳಿಗೆಯ ಮೇಲೆ, ನೂರಾರು ಗಜಗಳ ಲೆಕ್ಕಕ್ಕೆ ಏರಿಸಿ ಇಳಿಸಬಹುದಾದ ಗುರಿಪಟ್ಟಿಯೂ ಇತ್ತೆಂಬುದನ್ನು ನೆನೆಯುವವರು ಕಡಮೆ.

ದಂಗೆಯಾದ ಮೇಲೆ ಸರಕಾರವು ಜನರ ಆಯುಧಗಳನ್ನು ಕಸಿಯಿತು. ಮಂಗಳೂರಿನಿಂದ ಘಟ್ಟ ಹತ್ತಿದರೆ ಸಿಗುವ ಕೊಡಗಿಗೆ ಮಾತ್ರ 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನರು ವಿನಾಯಿತಿ ಕೊಟ್ಟರು. ಅಲ್ಲಿ ಕೋವಿ ಮನೆಯ ಗೌರವ. ಕೈಲ್ ಮುಹೂರ್ತದ ದಿನ ಅದಕ್ಕೆ ಪೂಜೆ, ಬಳಿಕ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು. ಕಾಯಿ ಒಂದು, ಹೊಡೆಯುವವನೂ ಒಬ್ಬ. ಗುರಿ ತಪ್ಪಿದರೆ ಮರೆಸಿಕೊಳ್ಳಲು ಪಕ್ಕದಲ್ಲಿ ಸಾಲಿಲ್ಲ.

ಬಾಯಿಯಿಂದ ಮದ್ದು ತುಂಬುವ ಹಳೆಯ ರೈಫಲಿಗೆ ಗುರಿ ಕೂಡಿಸುವುದು ತಾಳ್ಮೆಯ ಕೆಲಸ. ಮೊದಲು ಅಳತೆ ಒಂದೇ ಆಗಬೇಕು: ಅದೇ ತೂಕದ ಮದ್ದು, ಅದೇ ಗುಂಡು, ಅದೇ ದಪ್ಪದ ಬಟ್ಟೆಯ ತುಂಡು, ಅಷ್ಟೇ ಬಿಗಿಯ ಜಡಿತ, ಈಡಿಗೀಡಿಗೆ ಒರಸಿದ ನಳಿಗೆ. ಮದ್ದು ಬದಲಾದರೆ ಗುರಿಯೂ ಬದಲಾಗುತ್ತದೆ. ಒಂದು ಗುಂಡನ್ನು ನಂಬಿ ಕಬ್ಬಿಣ ಮುಟ್ಟಬಾರದು; ಮೂರು ಗುಂಡುಗಳು ಒಂದೇ ಕಡೆ ಗುಂಪುಗೂಡಿದರೆ ಮಾತ್ರ ತಪ್ಪು ಗುರಿಕಚ್ಚಿನದು. ಚದರಿದರೆ ತಪ್ಪು ನಮ್ಮದು.

ಗುಂಪು ಎಡಕ್ಕೆ ಬಿದ್ದರೆ ಹಿಂಬದಿಯ ಕಚ್ಚನ್ನು ಹಿತ್ತಾಳೆಯ ತುಂಡಿನಿಂದ ಮೆಲ್ಲಗೆ ತಟ್ಟಿ ಬಲಕ್ಕೆ ಸರಿಸಬೇಕು. ಗುಂಡು ಎತ್ತ ಹೋಗಬೇಕೋ ಅತ್ತ ಹಿಂದಿನದು. ಮುಂದಿನದು ಇದಕ್ಕೆ ತಿರುಗುಮುರುಗು. ಗುಂಡು ಕೆಳಗೆ ಬಿದ್ದರೆ ಮುಂದಿನ ಗುಬುಟನ್ನು ಅರದಿಂದ ತಿಕ್ಕಿ ತಗ್ಗಿಸಬೇಕು. ಆಗ ಹೊಡೆಯುವವನು ನಳಿಗೆಯನ್ನು ತುಸು ಎತ್ತಲೇಬೇಕಾಗುತ್ತದೆ, ಗುಂಡೂ ಮೇಲೇರುತ್ತದೆ. ಅದಕ್ಕೆಂದೇ ಬಲ್ಲ ಕುಶಲಿಗರು ಗುಬುಟನ್ನು ಮೊದಲು ಎತ್ತರವಾಗಿ ಬಿಡುತ್ತಾರೆ. ಎರಡು ಗುರಿಗಳ ನಡುವೆ 75 ಸೆಂಟಿಮೀಟರ್ ಅಂತರವಿದ್ದು ಹಲಗೆ 45 ಮೀಟರ್ ದೂರವಿದ್ದರೆ ತಪ್ಪು ಅರುವತ್ತು ಪಟ್ಟು ಬೆಳೆಯುತ್ತದೆ. ಒಂದು ಮಿಲಿಮೀಟರ್ ತಿಕ್ಕಿದರೆ ಗುಂಡು 6 ಸೆಂಟಿಮೀಟರ್ ಮೇಲೆ. ತಿಕ್ಕಿ ತೆಗೆದ ಕಬ್ಬಿಣವನ್ನು ಮರಳಿ ಅಂಟಿಸಲಾಗದು. ಆದುದರಿಂದ ಎರಡು ಬಾರಿ ತಿಕ್ಕಿ ಮತ್ತೆ ಮೂರು ಈಡು ಹೊಡೆದು ನೋಡುವುದೇ ಜಾಣತನ.

ಕೊಡಗಿನ ವಿನಾಯಿತಿಯನ್ನು ಕೇಂದ್ರ ಸರಕಾರವು 2019ರಲ್ಲಿ ಮತ್ತೆ ಹತ್ತು ವರ್ಷ ಮುಂದುವರಿಸಿದೆ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಬೆಳೆ ಕಾಯುವುದಕ್ಕೆಂದು ಪರವಾನಗಿ ಪಡೆದ ಕೋವಿಗಳು ಇಂದೂ ಉಂಟು. ಚುನಾವಣೆ ಬಂತೆಂದರೆ ಠಾಣೆಗೆ ಹೋಗಿ ಕೂಡುತ್ತವೆ. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ಅವುಗಳ ಕೆಲಸ ಹೆಚ್ಚಾಗಿ ಸದ್ದು ಮಾಡಿ ಹಂದಿ, ಮಂಗಗಳನ್ನು ಬೆದರಿಸುವುದು. ತುಳುವಿನಲ್ಲಿ ಕೋವಿಗೂ ಪುತ್ತೂರ ಜಾತ್ರೆಯ ಸಿಡಿಮದ್ದಿಗೂ ಬೆಡಿ ಎಂಬ ಒಂದೇ ಹೆಸರು. ಕೋವಿಯೀಗ ಎರಡನೆಯ ಅರ್ಥಕ್ಕೇ ಸಮೀಪವಾಗಿದೆ. ಸದ್ದಿಗೆ ಗುರಿ ಬೇಡ. ಗುಬುಟಿಗೆ ತುಕ್ಕು ಹಿಡಿದರೂ ಕೇಳುವವರಿಲ್ಲ.

ಕಾಡುಪ್ರಾಣಿಗಳು ಉಳಿದವಲ್ಲಾ ಎಂಬುದು ಸಂತೋಷವೇ. ಆದರೆ ಅರ ಹಿಡಿದವನ ವಿದ್ಯೆಯೂ ಅದರೊಂದಿಗೆ ಮರೆಯಾಗುತ್ತಿದೆ. ತನ್ನ ಗುಂಡು ಎಲ್ಲಿ ಬಿದ್ದೀತೆಂದು ಹಾರಿಸುವ ಮೊದಲೇ ವಿಚಾರಿಸುವ ವಿದ್ಯೆ ಅದು. ಬತ್ತೇರಿಯ ಕಿಂಡಿಗಳಿಗೆ ಆ ವಿಚಾರ ಬೇಕಿರಲಿಲ್ಲ. ಒಂದೇ ತೆಂಗಿನಕಾಯಿಗೆ ಈಡಿಡುವವನಿಗೆ ಬೇಕೇ ಬೇಕು.