ಕಬ್ಬಿಣದ ನೇಗಿಲಿನ ಪರೀಕ್ಷೆ

ಊರು ಬಿಟ್ಟು ಮುಂಬಯಿಗೆ ಬಂದ ನಮಗೆ ಇಲ್ಲಿ ಹೊಲವಿಲ್ಲ, ತೋಟವಿಲ್ಲ; ಮಕ್ಕಳ ಅಂಕಪಟ್ಟಿಯೇ ಆಸ್ತಿ. ಪದವಿಯ ಬಲದಿಂದಲೇ ಬ್ಯಾಂಕಿನ ಕುರ್ಚಿ ಹಿಡಿದಿರುವ ನಾವು ಅದರ ಬೆಲೆಯನ್ನು ಬಲ್ಲೆವು. ಆದರೂ ಉತ್ತರಪತ್ರಿಕೆಯ ಮುಂದೆ ತಡವರಿಸುವ ಮಗುವಿನ ಕೈಯಲ್ಲಿ ಬೇರೊಂದು ವಿದ್ಯೆ ಅಡಗಿರಬಹುದು. ಅದಕ್ಕೆ ನಮ್ಮ ನಾಡಿನ ಹಾಗೂ ಈ ನಗರದ ಚರಿತ್ರೆಯೇ ಸಾಕ್ಷಿ.

ಲಕ್ಷ್ಮಣರಾವ್ ಕಿರ್ಲೋಸ್ಕರರು ಜನಿಸಿದ್ದು 1869ರಲ್ಲಿ, ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಮನೆಮಾತು ಮರಾಠಿ. ಶಾಲೆಯ ಪಾಠ ಅವರಿಗೆ ರುಚಿಸಲಿಲ್ಲ. ಚಿತ್ರ ಮತ್ತು ಯಂತ್ರ, ಇವೆರಡರಲ್ಲೇ ಮನಸ್ಸು. 1885ರಲ್ಲಿ ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರು. ಎರಡು ವರ್ಷಗಳಲ್ಲಿ, ಕೆಲವು ಬಣ್ಣಗಳ ಭೇದ ತಮ್ಮ ಕಣ್ಣಿಗೆ ತಿಳಿಯದೆಂಬುದು ಗೊತ್ತಾಯಿತು. ಚಿತ್ರಕಾರರಾಗುವ ಆಸೆ ಅಲ್ಲಿಗೆ ಮುಗಿಯಿತು. ಯಂತ್ರದ ನಕ್ಷೆಗೆ ಬಣ್ಣವೇಕೆ? ಅದನ್ನೇ ಹಿಡಿದರು. ವಿಕ್ಟೋರಿಯಾ ಜ್ಯುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ನಕ್ಷೆಯ ಉಪಾಧ್ಯಾಯರಾದರು. ಇಂದು ಮಾಟುಂಗದಲ್ಲಿ ವೀರಮಾತಾ ಜೀಜಾಬಾಯಿಯವರ ಹೆಸರಿನಲ್ಲಿರುವುದು ಅದೇ ಸಂಸ್ಥೆ. ಬಿಡುವು ದೊರೆತಾಗಲೆಲ್ಲ ಯಂತ್ರಗಳ ಬಳಿ ನಿಂತು ಅವುಗಳ ಮರ್ಮವನ್ನು ಅರಿತರು.

1888ರಲ್ಲಿ ಬೆಳಗಾವಿಯಲ್ಲಿ ಸೋದರರ ಸೈಕಲ್ ಅಂಗಡಿ ಆರಂಭವಾಯಿತು. ಮುಂದೆ ಲಕ್ಷ್ಮಣರಾಯರು ನೌಕರಿ ಬಿಟ್ಟು ಅಲ್ಲಿಗೇ ಮರಳಿ, ಮೇವು ಕತ್ತರಿಸುವ ಯಂತ್ರವನ್ನೂ ಕಬ್ಬಿಣದ ನೇಗಿಲನ್ನೂ ತಯಾರಿಸಿದರು. ನಿಜವಾದ ಪರೀಕ್ಷೆ ಆಗ ಬಂದಿತು, ಪರೀಕ್ಷಕನು ರೈತ. ಕಬ್ಬಿಣ ತಾಕಿದರೆ ಭೂಮಿಗೆ ವಿಷವೇರುವುದೆಂದು ಅವನ ನಂಬಿಕೆ. ಮೊದಲ ನೇಗಿಲು ಮಾರಾಟವಾಗಲು ಎರಡು ವರ್ಷ ಹಿಡಿಯಿತು. ಲಕ್ಷ್ಮಣರಾಯರು ಎದೆಗುಂದಲಿಲ್ಲ. 1910ರಲ್ಲಿ ಔಂಧ್ ಸಂಸ್ಥಾನದ ಅರಸರು ನೀಡಿದ ಬರಡು ನೆಲದಲ್ಲಿ ಕಿರ್ಲೋಸ್ಕರವಾಡಿ ತಲೆಯೆತ್ತಿತು.

1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಹುಟ್ಟಿ, ನಮ್ಮ ಎಷ್ಟೋ ಹುಡುಗರು ಅಲ್ಲಿ ಲೇತಿನ ಕೆಲಸ ಕಲಿತರು. ಆ ಕಾರ್ಖಾನೆ ಈಗ ಮುಚ್ಚಿದೆ. ಅಲ್ಲಿ ಪಳಗಿದ ಕೈಗಳ ವಿದ್ಯೆ ಅಳಿಯಲಿಲ್ಲ.

ಇದರಿಂದ ಪುಸ್ತಕ ಬೇಡವೆಂದು ಯಾರೂ ತಿಳಿಯಬಾರದು. ಅಳತೆ ತಪ್ಪಿದ ನಕ್ಷೆಯಿಂದ ನೇಗಿಲು ಹುಟ್ಟದು. ಕೈಕೆಲಸಕ್ಕೂ ಗಣಿತ ಬೇಕು, ಶಿಸ್ತು ಬೇಕು, ವರ್ಷಗಟ್ಟಲೆ ತಾಳ್ಮೆ ಬೇಕು. ಆದರೆ ಆ ಗಣಿತ ಕೆಲವರಿಗೆ ಹಲಗೆಯ ಮೇಲೆ ಹತ್ತದೆ ಲೋಹದ ಮೇಲೆ ಹತ್ತುತ್ತದೆ. ಕೆಲಸ ಮಾಡುತ್ತಲೇ ಕಲಿಯುವುದಕ್ಕೆ 1961ರ ಅಪ್ರೆಂಟಿಸ್ ಕಾಯಿದೆ ಮನ್ನಣೆ ನೀಡಿದೆ, ಐ.ಟಿ.ಐ.ಗಳೂ ಇವೆ. ಸರಕಾರ ಒಪ್ಪಿದ್ದನ್ನು ನಮ್ಮ ಮನೆಗಳು ಇನ್ನೂ ಒಪ್ಪಬೇಕಾಗಿದೆ.

ನಾಡಹಬ್ಬದ ಈ ಸಂದರ್ಭದಲ್ಲಿ ನಮ್ಮ ಬಿನ್ನಹ ಇಷ್ಟೆ: ಫಲಿತಾಂಶದ ದಿನ ತಲೆ ತಗ್ಗಿಸಿ ಬಂದ ಮಗುವನ್ನು “ಎಷ್ಟು ಅಂಕ?” ಎಂದು ಕೇಳಿದ ಮೇಲೆ, “ನಿನಗೆ ಏನು ಮಾಡಲು ಬರುತ್ತದೆ?” ಎಂದೂ ಕೇಳೋಣ.