ನೀರು ಬರಬಾರದು, ಬೆವರು ಹೋಗಬೇಕು: ಒಂದು ಚಡ್ಡಿಯ ಇನ್ನೂರು ವರ್ಷದ ಕಥೆ

ಹೋದ ಮಳೆಗಾಲದಲ್ಲಿ ಘಟ್ಟದ ಮಣ್ಣುದಾರಿಯಲ್ಲಿ ಮೌಂಟನ್ ಬೈಕ್ ಸವಾರಿ ಹೊರಟ ಹುಡುಗರ ಸುದ್ದಿ ಮಾಡಲು ನಾವೂ ಸೈಕಲ್ ಹತ್ತಿದ್ದೆವು. ಮಳೆ ಜೋರಿದೆ ಎಂದು ಪೇಟೆಯ ಅಂಗಡಿಯೊಂದರಲ್ಲಿ ‘ನೂರಕ್ಕೆ ನೂರು ವಾಟರ್‌ಪ್ರೂಫ್’ ಎಂಬ ಚಡ್ಡಿ ಕೊಂಡೆವು. ಅಂಗಡಿಯವರು ಸುಳ್ಳು ಹೇಳಿರಲಿಲ್ಲ. ಹೊರಗಿನ ಒಂದು ಹನಿಯೂ ಒಳಗೆ ಬರಲಿಲ್ಲ. ಒಳಗಿನ ಬೆವರೂ ಹೊರಗೆ ಹೋಗಲಿಲ್ಲ. ಮೂವತ್ತು ಕಿಲೋಮೀಟರ್ ಮುಗಿಯುವಷ್ಟರಲ್ಲಿ ತೊಡೆಸಂದು ಸುಲಿದು ಉರಿಯುತ್ತಿತ್ತು. ಮೂರು ದಿನ ಎಲ್ಲೂ ಓಡಾಡಲಾಗದೆ ಎರಡು ವರದಿ ತಪ್ಪಿದವು. ಸುದ್ದಿ ಕಳಿಸಿದರಷ್ಟೇ ಕಾಸು ಕಾಣುವ ಸ್ಟ್ರಿಂಗರ್‌ಗಳಿಗೆ ಇದು ಸಣ್ಣ ನಷ್ಟವಲ್ಲ.

ಅಜ್ಜಿ ಕೇಳಿ ನಕ್ಕರು. “ಪ್ಲಾಸ್ಟಿಕ್ ಕೊಪ್ಪೆ ಹಾಕ್ಕೊಂಡು ನೆಟ್ಟಿ ಮಾಡಿದೋರನ್ನ ಕೇಳಿದ್ರೆ ಮೊದಲೇ ಹೇಳ್ತಿದ್ರಲ್ಲೋ. ಮಳೇಲಿ ನೆನೆಯೋದು ತಪ್ಪುತ್ತೆ, ಬೆವರಲ್ಲಿ ನೆನೆಯೋದು ತಪ್ಪಲ್ಲ.”

ಅಜ್ಜಿ ಹೇಳಿದ ಈ ತೊಡಕನ್ನು ಬಿಡಿಸಲು ಜಗತ್ತು ಇನ್ನೂರು ವರ್ಷದಿಂದ ಹೆಣಗುತ್ತಿದೆ.

ರಬ್ಬರ್ ಕೋಟಿನ ಕಾಲ

1823ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋದ ಚಾರ್ಲ್ಸ್ ಮ್ಯಾಕಿಂಟಾಷ್ ಒಂದು ಪೇಟೆಂಟ್ ಪಡೆದರು. ಕಲ್ಲಿದ್ದಲ ಡಾಂಬರಿನಿಂದ ಬರುವ ನಾಫ್ತಾದಲ್ಲಿ ರಬ್ಬರ್ ಕರಗಿಸಿ, ಎರಡು ಬಟ್ಟೆಗಳ ನಡುವೆ ಬಳಿದು ಅಂಟಿಸುವ ವಿಧಾನ ಅದು. ನೀರು ನಿಂತಿತು. ಆದರೆ ಬಿಸಿಲಿಗೆ ಕೋಟು ಅಂಟಂಟಾಗುತ್ತಿತ್ತು, ಚಳಿಗೆ ಹಲಗೆಯಂತೆ ಬಿರುಸಾಗುತ್ತಿತ್ತು. ಮುಂದೆ ರಬ್ಬರನ್ನು ಗಂಧಕ ಸೇರಿಸಿ ಕಾಯಿಸುವ ವಿದ್ಯೆ ಬಂದಾಗ ಈ ಎರಡೂ ತಾಪತ್ರಯ ಕಡಿಮೆಯಾದವು. ಬೆವರಿನದು ಮಾತ್ರ ಹಾಗೇ ಉಳಿಯಿತು.

1879ರಲ್ಲಿ ಇಂಗ್ಲೆಂಡಿನ ಥಾಮಸ್ ಬರ್ಬೆರಿ ಬೇರೆ ದಾರಿ ಹಿಡಿದರು. ಬಟ್ಟೆಗೆ ಏನನ್ನೂ ಬಳಿಯದೆ, ನೂಲನ್ನೇ ಮೊದಲು ನೀರು ಹಿಡಿಯದಂತೆ ಹದಮಾಡಿ ಒತ್ತಾಗಿ ನೇಯ್ದರು. ಅದೇ ಗ್ಯಾಬರ್ಡಿನ್. ಜಡಿಮಳೆಗೆ ಅದು ಸೋಲುತ್ತಿತ್ತು, ಆದರೆ ಉಸಿರಾಡುತ್ತಿತ್ತು. ಪೂರ್ತಿ ನೀರು ತಡೆಯುವ ಬಟ್ಟೆ ಬೇರೆ, ಸ್ವಲ್ಪ ಮಟ್ಟಿಗೆ ತಡೆದು ಗಾಳಿಯಾಡಲು ಬಿಡುವ ಬಟ್ಟೆ ಬೇರೆ. ಇವತ್ತಿಗೂ ಅಂಗಡಿಯಲ್ಲಿ ‘ವಾಟರ್‌ಪ್ರೂಫ್’ ಮತ್ತು ‘ವಾಟರ್ ರೆಸಿಸ್ಟೆಂಟ್’ ಎಂಬ ಎರಡು ಚೀಟಿಗಳಿರುವುದು ಇದಕ್ಕೇ.

ಸೈಕಲ್ ಸವಾರರ ದಾರಿ ಇನ್ನೊಂದು. ಹಳೆಯ ಕಾಲದ ರೇಸ್ ಚಡ್ಡಿಗಳು ಉಣ್ಣೆಯವು. ಕಂಬಳಿ ಹೊದ್ದು ಮಳೆಯಲ್ಲಿ ಗದ್ದೆಗೆ ಹೋದವರಿಗೆ ಕಾರಣ ಗೊತ್ತು: ಉಣ್ಣೆ ನೆನೆದರೂ ಬೆಚ್ಚಗಿರುತ್ತದೆ. ಕೂರುವ ಜಾಗಕ್ಕೆ ಮೆತ್ತನೆಯ ತೊಗಲಿನ ತುಂಡು ಹೊಲಿಯುತ್ತಿದ್ದರು. ಯುರೋಪಿನ ಶಾಮ್ವಾ ಎಂಬ ಕಾಡುಮೇಕೆಯಂಥ ಪ್ರಾಣಿಯ ತೊಗಲು ಅದು. ಈಗ ಅಲ್ಲಿರುವುದು ಸ್ಪಾಂಜ್ ಪ್ಯಾಡ್, ಹೆಸರು ಮಾತ್ರ ಇನ್ನೂ ‘ಶಾಮಿ’. 1958ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಎಳೆದರೆ ಹಿಗ್ಗುವ ನೂಲು ಕಂಡುಹಿಡಿದರು. ಲೈಕ್ರಾ ಎಂಬ ಆ ನೂಲು ಬರುಬರುತ್ತಾ ಉಣ್ಣೆಯ ಜಾಗ ಹಿಡಿಯಿತು.

ಜೀನ್ಸ್ ಹಾಕಿ ಬೆಟ್ಟ ಇಳಿದವರು

ಮೌಂಟನ್ ಬೈಕ್ ಓಟದ ಕಥೆಯಲ್ಲಿ ದೊಡ್ಡ ದಿನ 1976ರ ಅಕ್ಟೋಬರ್ 21. ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ, ಫೇರ್‌ಫ್ಯಾಕ್ಸ್ ಎಂಬ ಊರಿನ ಹತ್ತಿರದ ಕಡಿದಾದ ಮಣ್ಣುದಾರಿಯಲ್ಲಿ ಗೆಳೆಯರ ಗುಂಪೊಂದು ಹಳೆಯ ದಪ್ಪ ಟಯರಿನ ಸೈಕಲ್‌ಗಳಲ್ಲಿ ಇಳಿಜಾರು ಓಟ ಕಟ್ಟಿತು. ಇಳಿಯುವಷ್ಟರಲ್ಲಿ ಬ್ರೇಕ್ ಕಾದು ಹಬ್‌ನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು, ಮತ್ತೆ ತುಂಬಬೇಕಿತ್ತು. ಅದಕ್ಕೇ ಆ ದಾರಿಗೆ ‘ರಿಪ್ಯಾಕ್’ ಎಂಬ ಹೆಸರು ಬಿತ್ತು. ಅವರು ಹಾಕಿದ್ದು ಜೀನ್ಸ್ ಮತ್ತು ಕೆಲಸದ ಬೂಟು. ಬಿದ್ದರೆ ಚರ್ಮ ಉಳಿಯುತ್ತಿತ್ತು. ನೆನೆದರೆ ಮಾತ್ರ ಹತ್ತಿಯ ಜೀನ್ಸ್ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ.

ಅದೇ 1976ರಲ್ಲಿ ಗೋರ್‌ಟೆಕ್ಸ್ ಬಟ್ಟೆ ಮಾರುಕಟ್ಟೆಗೆ ಬಂತು. ಅದರ ಹುಟ್ಟು 1969ರದು. ನಾನ್‌ಸ್ಟಿಕ್ ತವಾಕ್ಕೆ ಬಳಿಯುವ ಟೆಫ್ಲಾನ್ ಗೊತ್ತಲ್ಲ? ಅದೇ ಜಾತಿಯ ವಸ್ತುವಿನ ಕಾಯಿಸಿದ ಕೋಲನ್ನು ಬಾಬ್ ಗೋರ್ ಹಿಗ್ಗಿಸಲು ನೋಡುತ್ತಿದ್ದರು. ನಿಧಾನವಾಗಿ ಎಳೆದಷ್ಟೂ ತುಂಡಾಗುತ್ತಿತ್ತು. ರೋಸಿಹೋಗಿ ಒಮ್ಮೆ ಜೋರಾಗಿ ಜಗ್ಗಿದರು. ತುಂಡಾಗದೆ ಸುಮಾರು ಹತ್ತುಪಟ್ಟು ಹಿಗ್ಗಿತು, ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು. ನೀರಿನ ಹನಿ ತೂರಲಾರದಷ್ಟು ಚಿಕ್ಕವು, ಬೆವರಿನ ಆವಿ ಹೊರಬೀಳುವಷ್ಟು ದೊಡ್ಡವು.

ಸಮಸ್ಯೆ ಮುಗಿಯಿತೆ? ಇಲ್ಲ. ಹೊರಗಿನ ಬಟ್ಟೆ ನೀರು ಕುಡಿದು ತೊಪ್ಪೆಯಾದರೆ ಆವಿ ಹೊರಬೀಳುವುದು ಕಷ್ಟ. ಹಾಗಾಗಿ ಕೆಸುವಿನೆಲೆಯ ಮೇಲಿನಂತೆ ನೀರು ಜಾರಲು ಹೊರಗೊಂದು ಲೇಪ ಬೇಕು. ಈ ಲೇಪಕ್ಕೆ ಬಹುಕಾಲ ಬಳಸಿದ್ದು ಪಿಎಫ್‌ಎಎಸ್ ಎಂಬ ರಾಸಾಯನಿಕಗಳ ಗುಂಪನ್ನು. ಇವು ಮಣ್ಣಿನಲ್ಲಿ, ನೀರಿನಲ್ಲಿ ಸುಲಭಕ್ಕೆ ಕರಗಿ ಅಳಿಯುವುದಿಲ್ಲ. ರಿಪ್ಯಾಕ್ ಓಟ ನಡೆದ ಅದೇ ಕ್ಯಾಲಿಫೋರ್ನಿಯಾ, 2025ರ ಜನವರಿ 1ರಿಂದ ಬಹುತೇಕ ಹೊಸ ಬಟ್ಟೆಗಳಲ್ಲಿ ಇವನ್ನು ಬೇಕೆಂದೇ ಸೇರಿಸಿ ಮಾರುವುದನ್ನು ನಿಷೇಧಿಸಿದೆ.

ಹಾಗಾದರೆ ಯಾವುದು ಕೊಳ್ಳಬೇಕು?

ಈ ಕಥೆಯಿಂದ ನಾವು ಕಲಿತದ್ದು ಒಂದೇ: ನಮ್ಮ ಸೆಕೆಯ ಮಳೆಗೆ, ದೂರದ ಸವಾರಿಗೆ, ಪೂರ್ತಿ ನೀರು ತಡೆಯುವುದಕ್ಕಿಂತ ಬೆವರು ಬಿಡುವುದೇ ಮುಖ್ಯ.

ಹೊರಚಡ್ಡಿ ತೆಳು ನೈಲಾನಿನದಿರಲಿ, ಜತೆಗೆ ಸ್ವಲ್ಪ ಹಿಗ್ಗುವ ನೂಲಿರಲಿ. ಹತ್ತಿ ಬೇಡ. ಅಂಗೈನೀರು ಚಿಮುಕಿಸಿ ನೋಡಿ, ಹನಿಹನಿಯಾಗಿ ಉರುಳಿದರೆ ಲೇಪ ಸರಿಯಿದೆ. ತೊಡೆಯ ಪಕ್ಕ ಗಾಳಿಕಿಂಡಿ ಇದ್ದರೆ ಒಳ್ಳೆಯದು. ಹಿಂದಿನ ಚಕ್ರ ಎರಚುವ ಕೆಸರು ಬೀಳುವುದು ಕುಂಡಿಯ ಮೇಲೆ, ಸೀಟಿನ ಒತ್ತಡಕ್ಕೆ ನೀರು ಒಳನುಗ್ಗುವುದೂ ಅಲ್ಲೇ. ಆ ಭಾಗದ ಬಟ್ಟೆ ಮಾತ್ರ ದಪ್ಪಗಿದ್ದು, ನಡುಮಧ್ಯೆ ದಪ್ಪ ಹೊಲಿಗೆ ಇಲ್ಲದಿರಲಿ. ಚೀಟಿಯಲ್ಲಿ ‘ಪಿಎಫ್‌ಎಎಸ್ ಫ್ರೀ’ ಇದೆಯೇ ನೋಡಿ.

ಒಳಗೆ ಪ್ಯಾಡ್ ಇರುವ ಬಿಗಿಚಡ್ಡಿ ಬೇರೆಯೇ ಇರಲಿ. ಅದರಡಿ ಒಳಉಡುಪು ಹಾಕಬೇಡಿ, ಸುಲಿಯುವುದೇ ಅದರ ಅಂಚಿನಿಂದ. ಒಗೆಯುವಾಗ ಕಂಫರ್ಟ್‌ನಂಥ ದ್ರವ ಬೇಡ, ಲೇಪ ಕೆಡುತ್ತದೆ.

ನಾವು ಈಗ ಅಂಥದ್ದೇ ಒಂದು ತೆಳು ಚಡ್ಡಿ ಕೊಂಡಿದ್ದೇವೆ. ಜತೆಗೆ ಹಿಂದಿನ ಚಕ್ರಕ್ಕೊಂದು ಮಡ್‌ಗಾರ್ಡ್ ಹಾಕಿಸಿದ್ದೇವೆ. ಅರ್ಧ ನೀರನ್ನು ಅದೇ ತಡೆಯುತ್ತದೆ, ಚಡ್ಡಿಗಿಂತ ಅಗ್ಗವೂ ಹೌದು. ಮೊನ್ನೆಯ ಸವಾರಿಯಲ್ಲಿ ನೆನೆದೆವು. ಊರು ಮುಟ್ಟುವಷ್ಟರಲ್ಲಿ ಮೈಮೇಲೇ ಒಣಗಿತ್ತು. ಮಾರನೆಯ ದಿನ ತಾಲ್ಲೂಕು ಕಚೇರಿಯ ಸುದ್ದಿಗೆ ನೆಟ್ಟಗೆ ನಡೆದುಕೊಂಡೇ ಹೋದೆವು.