ಪತ್ತನಾಜೆಯಿಂದ ಪತ್ತನಾಜೆಗೆ: ಘಟ್ಟದ ಬುಡದ ಕಾಲೇಜು ವರ್ಷ

ಪುತ್ತೂರು, ಸುಳ್ಯ, ಕಡಬ ಸೀಮೆಯ ಕಾಲೇಜು ವಿದ್ಯಾರ್ಥಿಯ ವರ್ಷ ಎರಡು ಪಂಚಾಂಗಗಳ ಪ್ರಕಾರ ನಡೆಯುತ್ತ ಬಂದಿದೆ. ಒಂದು ವಿಶ್ವವಿದ್ಯಾನಿಲಯದ್ದು, ಇನ್ನೊಂದು ತುಳುನಾಡಿನದ್ದು. ಬೇಶ ತಿಂಗಳ ಹತ್ತನೆಯ ದಿನ, ಅಂದರೆ ಮೇ 24ರ ಆಸುಪಾಸಿನಲ್ಲಿ, ಪತ್ತನಾಜೆ ಬರುತ್ತದೆ. ಅಂದಿಗೆ ಜಾತ್ರೆ, ಕೋಲ, ನೇಮಗಳು ಮುಗಿಯುತ್ತವೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆಯೇ. ನಡುವಿನ ಐದು ತಿಂಗಳು ಮಳೆಯ ಪಾಲು. ಕಾಲೇಜಿನ ಬಾಗಿಲು ತೆರೆಯುವುದೂ ಬಹುಕಾಲದಿಂದ ಈ ಮಳೆಯೊಂದಿಗೇ. ಹೀಗಾಗಿ ಇಲ್ಲಿನ ವಿದ್ಯಾರ್ಥಿಯ ಆಟ, ಹಾಡು, ಭಕ್ತಿ ಮೂರಕ್ಕೂ ಕಾಲವನ್ನು ಗೊತ್ತುಮಾಡಿದ್ದು ಮಳೆ.

ಈ ಸೀಮೆಯಲ್ಲಿ ಕಾಲೇಜು ಎಂಬುದೇ ಹಳೆಯ ಮಾತಲ್ಲ. 1950ರ ದಶಕದ ಕೊನೆಯವರೆಗೂ ಹೈಸ್ಕೂಲು ದಾಟಿದ ಹುಡುಗ ಮಂಗಳೂರಿಗೆ ಹೋಗಬೇಕಿತ್ತು. ಅಲ್ಲಿ 1880ರಲ್ಲಿ ಆರಂಭವಾದ ಸಂತ ಅಲೋಶಿಯಸ್ ಕಾಲೇಜಿತ್ತು. ಪುತ್ತೂರಿನಿಂದ ಐವತ್ತು ಕಿಲೋಮೀಟರ್, ಸುಳ್ಯದಿಂದ ಎಂಬತ್ತಕ್ಕೂ ಹೆಚ್ಚು. ಊಟ, ವಸತಿಯ ಖರ್ಚು ಬೇರೆ. ಅಡಿಕೆ ತೋಟವಿದ್ದ ಮನೆಯವರಿಗೂ ಅದು ಸುಲಭದ ಮಾತಾಗಿರಲಿಲ್ಲ; ಗೇಣಿ ಒಕ್ಕಲಿನ ಮನೆಗಳಿಗೆ ಕನಸೇ ಸರಿ. ಹೆಣ್ಣುಮಕ್ಕಳ ಓದು ಹೆಚ್ಚಿನ ಮನೆಗಳಲ್ಲಿ ಹೈಸ್ಕೂಲಿಗೂ ಮೊದಲೇ ನಿಲ್ಲುತ್ತಿತ್ತು.

1958ರಲ್ಲಿ ಮೊನ್ಸಿಂಜೊರ್ ಆಂಟನಿ ಪತ್ರಾವೊ ಪುತ್ತೂರಿನ ದರ್ಬೆಯಲ್ಲಿ ಸಂತ ಫಿಲೋಮಿನಾ ಕಾಲೇಜನ್ನು ತೆರೆದರು. 1965ರಲ್ಲಿ ವಿವೇಕಾನಂದ ಕಾಲೇಜು ಬಂತು. ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು 1976ರಲ್ಲಿ ನೆಹರೂ ಮೆಮೋರಿಯಲ್ ಕಾಲೇಜನ್ನು ಕಟ್ಟಿದರು. ಮುಂದೆ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳೂ ಅವರಿಂದಲೇ ಆದವು. ಸುಬ್ರಹ್ಮಣ್ಯದಲ್ಲಿ ದೇವಸ್ಥಾನದ್ದೇ ಕಾಲೇಜು ಹುಟ್ಟಿಕೊಂಡಿತು. 1980ರಲ್ಲಿ ಮಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದ ಮೇಲೆ ಇಲ್ಲಿನ ಪದವಿ ಕಾಲೇಜುಗಳು ಅದರ ವ್ಯಾಪ್ತಿಗೆ ಬಂದವು. ಕಡಬ ಪ್ರತ್ಯೇಕ ತಾಲ್ಲೂಕಾದದ್ದು ತೀರ ಈಚೆಗೆ. ಅದರ ಹಳ್ಳಿಗಳ ಮಕ್ಕಳು ಅದಕ್ಕೂ ಮೊದಲಿನಿಂದ ಪುತ್ತೂರು, ಉಪ್ಪಿನಂಗಡಿ, ಸುಬ್ರಹ್ಮಣ್ಯದ ಬಸ್ಸು ಹಿಡಿಯುತ್ತಿದ್ದವರು.

ಬಸ್ಸು ಹಿಡಿಯುವ ಮೊದಲು ಹೊಳೆ ದಾಟಬೇಕಿತ್ತು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ನೆಲದಲ್ಲಿ ಕುಮಾರಧಾರಾ, ಪಯಸ್ವಿನಿ, ಗುಂಡ್ಯ ಹೊಳೆಗಳೂ ಹೆಸರಿಲ್ಲದ ನೂರಾರು ತೋಡುಗಳೂ ಮನೆ ಮತ್ತು ಮಾರ್ಗದ ನಡುವೆ ಹರಿಯುತ್ತವೆ. ತೋಡಿಗೆ ಅಡ್ಡವಾಗಿ ಎರಡೋ ಮೂರೋ ಅಡಿಕೆ ಮರಗಳನ್ನು ಜೋಡಿಸಿ ಬಳ್ಳಿಯಿಂದ ಬಿಗಿದು, ಪಕ್ಕಕ್ಕೆ ಕೈತಾಂಗಾಗಿ ಒಂದು ಬಿದಿರು ಕಟ್ಟಿದರೆ ಅದೇ ಸಂಕ. ಮಳೆಯಲ್ಲಿ ಅದಕ್ಕೆ ಪಾಚಿ ಹಿಡಿಯುತ್ತದೆ. ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು, ಪುಸ್ತಕದ ಕಟ್ಟನ್ನು ಎದೆಗೆ ಒತ್ತಿಕೊಂಡು, ಕಾಲಬೆರಳನ್ನು ಮರಕ್ಕೆ ಊರುತ್ತ ಒಬ್ಬೊಬ್ಬರೇ ದಾಟಬೇಕು. ದೊಡ್ಡ ನೆರೆಯಲ್ಲಿ ಸಂಕ ತೇಲಿಹೋದರೆ ಆ ದಿನದ ಕ್ಲಾಸೂ ಹೋಯಿತು. ಕಡಬದ ದಾರಿಯಲ್ಲಿ ಗುಂಡ್ಯ ಹೊಳೆಗಿದ್ದ ಹೊಸಮಠದ ಮುಳುಗು ಸೇತುವೆ ಮಳೆಗಾಲದಲ್ಲಿ ಪದೇಪದೇ ನೀರಿನಡಿಗೆ ಹೋಗುತ್ತಿತ್ತು. ನೀರು ಇಳಿಯುವವರೆಗೆ ಬಸ್ಸುಗಳು ಎರಡೂ ದಡದಲ್ಲಿ ಸಾಲುಗಟ್ಟಿ ಕಾಯುತ್ತಿದ್ದವು. ಎತ್ತರದ ಹೊಸ ಸೇತುವೆ ಆದ ಮೇಲಷ್ಟೇ ಆ ಕಾಯುವಿಕೆ ತಪ್ಪಿತು.

ಈ ಸೀಮೆಯ ವಿದ್ಯಾಭ್ಯಾಸದ ಚರಿತ್ರೆಯಲ್ಲಿ ಕಾಲೇಜು ಕಟ್ಟಿದವರ ಸಾಲಿನಲ್ಲೇ ನಿಲ್ಲಬೇಕಾದ ಹೆಸರು ಸುಳ್ಯದ ಗಿರೀಶ್ ಭಾರದ್ವಾಜರದು. ಎಂಜಿನಿಯರಿಂಗ್ ಓದಿ ಊರಿಗೆ ಮರಳಿದ ಅವರು 1989ರಲ್ಲಿ ಸುಳ್ಯದ ಹತ್ತಿರದ ಅರಂಬೂರಿನಲ್ಲಿ ಪಯಸ್ವಿನಿಗೆ ಮೊದಲ ತೂಗುಸೇತುವೆ ಕಟ್ಟಿದರು. ಉಕ್ಕಿನ ಹಗ್ಗಗಳಿಂದ ಇಳಿಬಿಟ್ಟ, ಒಬ್ಬರ ಹಿಂದೊಬ್ಬರು ನಡೆಯುವಷ್ಟೇ ಅಗಲದ ದಾರಿ ಅದು. ಮುಂದೆ ಹಲವು ರಾಜ್ಯಗಳಲ್ಲಿ ಅವರು ಇಂಥ ನೂರಕ್ಕೂ ಹೆಚ್ಚು ಸೇತುವೆ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಕಟ್ಟಡ ಎಷ್ಟು ದೊಡ್ಡದಿದ್ದರೂ ಆಚೆ ದಡದ ಹುಡುಗಿಗೆ ಅಲ್ಲಿಗೆ ತಲುಪಲು ದಾರಿಯೇ ಇಲ್ಲದಿದ್ದರೆ ಆ ಕಾಲೇಜು ಅವಳ ಪಾಲಿಗೆ ಇಲ್ಲದಂತೆಯೇ.

ಮಳೆಯ ದೊಡ್ಡ ವರ್ಷಗಳನ್ನು ಜನ ಮರೆಯುವುದಿಲ್ಲ. ನೇತ್ರಾವತಿ, ಕುಮಾರಧಾರಾ ಕೂಡುವ ಉಪ್ಪಿನಂಗಡಿಯಲ್ಲಿ 1923ರ ಮತ್ತು 1974ರ ಬೊಳ್ಳಗಳನ್ನು, ಅಂದರೆ ನೆರೆಗಳನ್ನು, ಇಂದಿಗೂ ಅಳತೆಗೋಲಿನಂತೆ ಹೇಳುತ್ತಾರೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಬಳಿ ಗುಡ್ಡ ಜರಿದು ಸುಳ್ಯ–ಮಡಿಕೇರಿ ರಸ್ತೆ ಮುಚ್ಚಿತು. ಸಂಪಾಜೆ ಕಡೆಯ ಕಾಲೇಜು, ಶಾಲೆಗಳು ನಿರಾಶ್ರಿತರಿಗೆ ಆಸರೆಯಾದವು. ಜಿಲ್ಲಾಧಿಕಾರಿ ಸಾರುವ ಮಳೆ ರಜೆ ಈಗ ಪ್ರತಿ ವರ್ಷದ ಮಾತು. ಆ ರಜೆಯಲ್ಲೂ ತೋಟದ ಮನೆಯ ವಿದ್ಯಾರ್ಥಿಗೆ ಬಿಡುವಿರುವುದಿಲ್ಲ. ಒಂದೆರಡು ದಿನ ಹೊಳವಾದರೆ ಕೊಳೆರೋಗಕ್ಕೆ ಮದ್ದು ಬಿಡುವ ಕೆಲಸ: ಮೈಲುತುತ್ತು, ಸುಣ್ಣ ಕದಡಿದ ಬೋರ್ಡೋ ದ್ರಾವಣವನ್ನು ಅಡಿಕೆ ಗೊನೆಗೆ ಸಿಂಪಡಿಸಬೇಕು. ಪೈಪು ಹಿಡಿದು ಅಂಗಿಯ ತುಂಬ ನೀಲಿ ಕಲೆ ಮಾಡಿಕೊಳ್ಳದ ಹುಡುಗರು ಇಲ್ಲಿ ಕಡಿಮೆ.

ಆಟದ ಚರಿತ್ರೆಗೆ ನೆಲದ ಏರಿಳಿತವೇ ಕಾರಣ. ಫುಟ್ಬಾಲು ಈ ಕರಾವಳಿಗೆ ಬಂದದ್ದು ಮಿಶನ್ ಶಾಲೆಗಳು ಮತ್ತು ಮಂಗಳೂರಿನ ಮೈದಾನದ ಮೂಲಕ. ಕಾಸರಗೋಡಿನ ಕಡೆಯಿಂದ ಏಳು ಜನರ ಸೆವೆನ್ಸ್ ಆಟವೂ ಗಡಿ ದಾಟಿತು. ಆದರೆ ನೂರು ಮೀಟರ್ ಉದ್ದದ ಸಮತಟ್ಟು ಜಾಗ ಘಟ್ಟದ ಬುಡದಲ್ಲಿ ಎಲ್ಲಿದೆ? ತಗ್ಗಿನಲ್ಲಿ ತೋಟ, ಮೇಲೆ ಗುಡ್ಡ. ಕೊಯ್ಲಾದ ಗದ್ದೆ ಬಿಟ್ಟರೆ, ಗುಡ್ಡದ ಮುರಕಲ್ಲನ್ನು ಅಗೆದು ಸಮ ಮಾಡಿದ ಶಾಲೆ, ಕಾಲೇಜಿನ ಮೈದಾನವೇ ಗತಿ. ಗದ್ದೆಗಳು ಒಂದೊಂದಾಗಿ ಅಡಿಕೆ ತೋಟಗಳಾದಂತೆ ಆ ನೆಲವೂ ಹೋಯಿತು. ಹದಿನೆಂಟು ಮೀಟರ್ ಉದ್ದ, ಒಂಬತ್ತು ಮೀಟರ್ ಅಗಲ ಸಾಕಾಗುವ ವಾಲಿಬಾಲು ಮತ್ತು ಅದಕ್ಕಿಂತಲೂ ಕಿರಿದಾದ ಕಬಡ್ಡಿ ಅಂಕಣ ಇಲ್ಲಿ ಬೇರೂರಿದ್ದಕ್ಕೆ ಇದೇ ಮುಖ್ಯ ಕಾರಣ ಎನ್ನಬೇಕು. ಮಳೆ ನಿಂತ ಮೇಲೆ ಊರೂರಿನಲ್ಲಿ ನಡೆಯುವ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಹೆಚ್ಚಿನವು ಈ ಎರಡು ಆಟಗಳವೇ.

ಫುಟ್ಬಾಲು ಮಾತ್ರ ಮಳೆಗಾಲದ ಆಟವಾಗಿ ಉಳಿಯಿತು. ಕೆಸರು ನೀರು ನಿಂತ ಮೈದಾನದಲ್ಲಿ ವಾಲಿಬಾಲು ಆಡಲಾಗದು, ಚೆಂಡು ಒದೆಯಬಹುದು. ನಾಲ್ಕು ವರ್ಷಕ್ಕೊಮ್ಮೆ ವಿಶ್ವಕಪ್ ಬರುವುದೂ ಸಾಮಾನ್ಯವಾಗಿ ಜೂನ್, ಜುಲೈಯಲ್ಲಿ. ಆಗ ಪೇಟೆಯ ಜಂಕ್ಷನ್ನುಗಳಲ್ಲಿ ಬ್ರೆಜಿಲ್, ಅರ್ಜೆಂಟೀನಾದ ಬಾವುಟಗಳು ಮಳೆಯಲ್ಲಿ ತೊಯ್ಯುತ್ತ ನಿಂತಿರುತ್ತವೆ. ಆಟಿ ತಿಂಗಳಲ್ಲಿ ಕಾಲೇಜು ಸಂಘಗಳು, ಯುವಕ ಮಂಡಲಗಳು ನಡೆಸುವ ಕೆಸರುಗದ್ದೆ ಕ್ರೀಡಾಕೂಟ ಹೊಸ ರೂಢಿ. ಉಳುವ, ನೇಜಿ ನೆಡುವ ಕೆಲಸ ಕಾಣದ ತಲೆಮಾರು ಗದ್ದೆಗೆ ಇಳಿಯುವುದು ಈಗ ಹೆಚ್ಚಾಗಿ ಆ ಒಂದು ದಿನ.

ಸಂಗೀತಕ್ಕೂ ಮಳೆಗಾಲದ್ದು, ಬೇಸಗೆಯದ್ದು ಎಂಬ ಎರಡು ಪಾಲುಗಳಿವೆ. ಚೆಂಡೆ ಮೌನವಾದ ತಿಂಗಳುಗಳಲ್ಲಿ ಗದ್ದೆಗಳಲ್ಲಿ ಹೆಂಗಸರ ಪಾಡ್ದನ, ಓಬೇಲೆ ಕೇಳುತ್ತಿತ್ತು. ಪಡುಮಲೆಯಲ್ಲಿ ಹುಟ್ಟಿ ಎಣ್ಮೂರಿನಲ್ಲಿ ಮಡಿದ ಕೋಟಿ ಚೆನ್ನಯರ ಕಥೆ ಈ ಸೀಮೆಯಲ್ಲಿ ಮೊದಲು ಉಳಿದದ್ದು ಆ ಕಂಠಗಳಲ್ಲಿ, ಪುಸ್ತಕ ಆಮೇಲಿನದು. ಮನೆಯ ಚಾವಡಿಯಲ್ಲಿ ತಾಳಮದ್ದಳೆ ನಡೆಯುತ್ತಿತ್ತು. ಈಗ ಸಂಜೆಗೆ ಚಿಕ್ಕಮೇಳವೂ ಮನೆಮನೆಗೆ ಬರುತ್ತದೆ. ಸುಳ್ಯದ ಚೊಕ್ಕಾಡಿಯ ದೇರಾಜೆ ಸೀತಾರಾಮಯ್ಯನವರಂಥ ಅರ್ಥಧಾರಿಗಳನ್ನು ಕೇಳಿ ಬೆಳೆದ ಹುಡುಗರಿಗೆ ಕಾಲೇಜಿನ ಚರ್ಚಾಸ್ಪರ್ಧೆ ಹೊಸತೆನಿಸಲಿಲ್ಲ; ವಾದ, ಪ್ರತಿವಾದದ ರುಚಿ ಮೊದಲೇ ಹತ್ತಿತ್ತು. ಉಪ್ಪಿನಂಗಡಿ ಬಳಿಯ ಕಾಂಚನದಲ್ಲಿ ಕರ್ನಾಟಕ ಸಂಗೀತದ ಶಾಲೆ ನೆಲೆಯಾಯಿತು. ದೀಪಾವಳಿಯಿಂದ ಮುಂದೆ ಬಯಲಾಟ. ಕಲ್ಲುಗುಂಡಿಯ ಭಾಗವತ ಪದ್ಯಾಣ ಗಣಪತಿ ಭಟ್ಟರ ಹಾಡು ಕೇಳಲು ರಾತ್ರಿಯಿಡೀ ಕೂತು, ಬೆಳಿಗ್ಗೆ ನೇರ ಕ್ಲಾಸಿಗೆ ಬಂದವರು ಒಂದಿಡೀ ತಲೆಮಾರೇ ಇದ್ದಾರೆ.

ಭಕ್ತಿಯ ಕಾಲ ಚಂಪಾಷಷ್ಠಿಯಿಂದ ರಂಗೇರುತ್ತದೆ. ಸುಬ್ರಹ್ಮಣ್ಯದ ಬ್ರಹ್ಮರಥವನ್ನು ಮಲೆಕುಡಿಯರು ಕಾಡಿನಿಂದ ಬೆತ್ತ ತಂದು ಕಟ್ಟುತ್ತಾರೆ. ಆ ಹಕ್ಕು ಅವರದೇ. ಜನವರಿಯಲ್ಲಿ ಸುಳ್ಯದ ಚೆನ್ನಕೇಶವನ ಜಾತ್ರೆ. ಏಪ್ರಿಲ್ 10ಕ್ಕೆ ಪುತ್ತೂರಿನ ಮಹಾಲಿಂಗೇಶ್ವರನಿಗೆ ಕೊಡಿ ಏರುತ್ತದೆ, 17ರಂದು ರಥ. ಆ ರಾತ್ರಿಯ ಸಿಡಿಮದ್ದು ‘ಪುತ್ತೂರು ಬೆಡಿ’ ಎಂದೇ ಪ್ರಸಿದ್ಧ. ಮರುದಿನ ದೇವರು ಕುಮಾರಧಾರೆಯ ವೀರಮಂಗಲಕ್ಕೆ ಅವಭೃತಕ್ಕೆ ಹೊರಡುತ್ತಾರೆ. ಏಪ್ರಿಲ್ ಪರೀಕ್ಷೆಯ ತಿಂಗಳೂ ಆದುದರಿಂದ ಬೆಡಿ ನೋಡುವುದೋ ಓದುವುದೋ ಎಂಬುದು ಪುತ್ತೂರಿನ ಮನೆಗಳ ಹಳೆಯ ತಕರಾರು.

ಅದೇ ಬೆಂಚಿನಲ್ಲಿ ಬೇರೆ ಪಂಚಾಂಗದವರೂ ಕೂತರು. ಪುತ್ತೂರಿನ ಮಾಯ್ ದೆ ದೇವುಸ್ ಚರ್ಚು 1830ರಷ್ಟು ಹಳೆಯದು. ಅಲ್ಲಿನ ಕೊಂಕಣಿ ಮಕ್ಕಳಿಗೆ ಗಾಯನವೃಂದವೇ ಸಂಗೀತದ ಮೊದಲ ಪಾಠಶಾಲೆ. ಬ್ಯಾರಿ ಮನೆಗಳ ಹುಡುಗರಿಗೆ ಮಿಲಾದ್ ಮೆರವಣಿಗೆಯ ದಫ್ಫು, ಉರೂಸ್. ಕೇರಳದಿಂದ ಬಂದು ಕಡಬ, ನೆಲ್ಯಾಡಿ ಕಡೆ ರಬ್ಬರು ಹಾಕಿದ ಸಿರಿಯನ್ ಕ್ರೈಸ್ತರದು ಮಲಯಾಳ ಪ್ರಾರ್ಥನೆ. ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಬಳಿಕ ಶ್ರೀಲಂಕಾದಿಂದ ಬಂದು ಸರ್ಕಾರಿ ರಬ್ಬರು ತೋಟಗಳಲ್ಲಿ ನೆಲೆಸಿದ ತಮಿಳರ ಮಕ್ಕಳೂ ಕಾಲೇಜು ಸೇರಿದರು. ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಕೊಂಕಣಿ, ಮಲಯಾಳ, ತಮಿಳು ಎಲ್ಲವೂ ಒಂದೇ ಕ್ಲಾಸಿನಲ್ಲಿ ಸೇರಿದಾಗ ಸಾಮಾನ್ಯ ಮಾತಾಗಿ ಒದಗಿದ್ದು ತುಳು ಮತ್ತು ಕನ್ನಡ.

ಈ ವರ್ಷಗಳ ದಾಖಲೆ ಹೆಚ್ಚಾಗಿ ಉಳಿದಿರುವುದು ಕಾಲೇಜುಗಳ ವಾರ್ಷಿಕ ಸಂಚಿಕೆಗಳಲ್ಲಿ. ಗೆದ್ದ ತಂಡದ ಫೋಟೋ, ನೆರೆಯ ವರ್ಷದ ಲೇಖನ, ಜಾತ್ರೆಯ ಬಗೆಗಿನ ಕವಿತೆ ಎಲ್ಲವೂ ಅಲ್ಲಿವೆ. ಇಲ್ಲಿನ ತೇವಕ್ಕೆ ಕಾಗದ ಬಹಳ ಕಾಲ ತಾಳುವುದಿಲ್ಲ. ಹಳೆಯ ಸಂಚಿಕೆಗಳು ಮನೆಯ ಅಟ್ಟದಲ್ಲಿ ಇರುವವರು ಮುಂದಿನ ಪತ್ತನಾಜೆಯೊಳಗೆ ಅವನ್ನು ಕೆಳಗಿಳಿಸಿ, ಬಿಸಿಲು ಕಾಯಿಸಿ, ಒಂದು ಪ್ರತಿಯನ್ನು ತಮ್ಮ ಕಾಲೇಜಿನ ಗ್ರಂಥಾಲಯಕ್ಕೆ ತಲುಪಿಸಬೇಕು.